ಹಳೆಯ ರ‍್ಯಾಮ್ ಜೊತೆ ಹೊಸದನ್ನು ಹಾಕಿದ ಮೇಲೆ ಕಂಪ್ಯೂಟರ್ ಪದೇ ಪದೇ ರೀಸ್ಟಾರ್ಟ್ ಆಗುತ್ತಿದೆ, ಏನು ಮಾಡಬೇಕು?

2666 ವೇಗದ ಡಿಡಿಆರ್4 ರ‍್ಯಾಮ್ ಪಕ್ಕದಲ್ಲಿ 3200 ವೇಗದ್ದನ್ನು ಕೂರಿಸಿದರೆ ಸಾಮಾನ್ಯವಾಗಿ ಎರಡೂ 2666ರಲ್ಲೇ ಓಡುತ್ತವೆ. ವೇಗದ ವ್ಯತ್ಯಾಸವೊಂದೇ ಈ ತೊಂದರೆಗೆ ಕಾರಣವಾಗುವುದು ಕಡಿಮೆ. ನನ್ನ ಮೊದಲ ಅನುಮಾನ ಎಕ್ಸ್‌ಎಂಪಿ (ರ‍್ಯಾಮನ್ನು ಅದರ ತಯಾರಕರು ಹೇಳಿದ ಹೆಚ್ಚಿನ ವೇಗದಲ್ಲಿ ಓಡಿಸುವ ಸೆಟ್ಟಿಂಗ್) ಮೇಲೆ. ಅದು ಒಂದು ಮಾಡ್ಯೂಲಿನ (ರ‍್ಯಾಮ್ ಪಟ್ಟಿಯ) ವೇಗ, ಟೈಮಿಂಗ್, ವೋಲ್ಟೇಜುಗಳನ್ನು ಇನ್ನೊಂದರ ಮೇಲೂ ಹೇರಬಹುದಾದ್ದರಿಂದ ಬಯಾಸ್‌ನಲ್ಲಿ (ಕಂಪ್ಯೂಟರ್ ಆನ್ ಆಗುವಾಗ ತೆರೆಯಬಹುದಾದ ಸೆಟ್ಟಿಂಗ್ ಪರದೆ) ಅದನ್ನು ಆಫ್ ಮಾಡಿ ನೋಡಿ. ಆಗಲೂ ಸರಿಹೋಗದಿದ್ದರೆ, ಪವರ್ ಕೇಬಲ್ ತೆಗೆದು, ಒಂದೊಂದೇ ಮಾಡ್ಯೂಲನ್ನು ಒಂದೇ ಸ್ಲಾಟಿನಲ್ಲಿ (ನಾಲ್ಕು ಸ್ಲಾಟಿನ ಬೋರ್ಡುಗಳಲ್ಲಿ ಹೆಚ್ಚಾಗಿ ಪ್ರೊಸೆಸರಿನಿಂದ ಎರಡನೆಯದು) ಕ್ಲಿಪ್ ಟಕ್ಕೆನ್ನುವವರೆಗೆ ಒತ್ತಿ ಕೂರಿಸಿ, ರ‍್ಯಾಮ್ ದೋಷ ಹುಡುಕುವ ಮೆಮ್‌ಟೆಸ್ಟ್86 ತಂತ್ರಾಂಶ ಓಡಿಸಿ. ಒಂಟಿಯಾಗಿ ಯಾವ ದೋಷವನ್ನೂ ತೋರದ ಮಾಡ್ಯೂಲುಗಳು ಜೊತೆಯಾದಾಗ ಮಾತ್ರ ತಪ್ಪು ತೋರಿಸಿದರೆ, ಅವನ್ನೇ ಇನ್ನೊಂದು ಸ್ಲಾಟಿನಲ್ಲೂ ಒಂದೊಂದಾಗಿ ಪರೀಕ್ಷಿಸಿ. ಅಲ್ಲಿಯೂ ಸರಿಯಿದ್ದರೆ ಅವೆರಡಕ್ಕೂ ಹೊಂದಾಣಿಕೆಯಿಲ್ಲವೆಂದೇ ತಿಳಿದು, ಜೋಡಿಯಾಗಿ ಮಾರುವ ಕಿಟ್ ಕೊಳ್ಳುವುದು ಲೇಸು. ಗಾತ್ರ ಬೇರೆಯಿದ್ದರೆ, ಉದಾಹರಣೆಗೆ 8 ಮತ್ತು 4 ಜಿಬಿ, ಅದಕ್ಕೆ ತಲೆಕೆಡಿಸಿಕೊಳ್ಳಬೇಕಿಲ್ಲ.