ಕೊಲಂಬೈನ್ ಬೀಜ ಮೊಳೆಯುತ್ತಿಲ್ಲ, ತಂದ ಗಿಡದ ಎಲೆ ಮೇಲೆ ಬಿಳಿ ಗೆರೆ. ಏನು ಮಾಡಲಿ?

ಎರಡು ಸಲ ಬೀಜ ಹಾಕಿದೆ, ಒಂದೂ ಮೊಳೆಯಲಿಲ್ಲ, ಕೊನೆಗೆ ಗಿಡವನ್ನೇ ತಂದೆ, ಈಗ ಅದರ ಎಲೆ ತುಂಬ ಬಿಳಿ ಗೆರೆ ಬರುತ್ತಿದೆ, ಇದು ಅಷ್ಟು ಕಷ್ಟದ ಗಿಡವಾ ಅಂತ ಕೇಳಿದ್ದೀರಿ. ಕೊಲಂಬೈನ್ ತಂಪು ಇಷ್ಟಪಡುವ ಒಂದು ಹೂಗಿಡ, ಕಷ್ಟದ್ದಲ್ಲ. ಆದರೆ ಮುದ್ದು ಜಾಸ್ತಿಯಾದರೆ ಕೆಡುವ ಗಿಡ. ಮೊದಲ ಎರಡು ವರ್ಷ ನಾನೂ ಮುದ್ದು ಮಾಡಿಯೇ ಕೆಡಿಸಿದ್ದೆ.

ಮೊದಲು ಬೀಜದ ವಿಷಯ. ನೀವು ಬೀಜದ ಮೇಲೆ ಮಣ್ಣು ಮುಚ್ಚಿದ್ದೀರಿ, ಅಲ್ವಾ? ಎಲ್ಲರೂ ಮುಚ್ಚುತ್ತಾರೆ. ಈ ಬೀಜಕ್ಕೆ ಮೊಳೆಯಲು ಬೆಳಕು ಬೇಕು. ಒದ್ದೆ ಮಣ್ಣಿನ ಮೇಲೆ ಸುಮ್ನೆ ಉದುರಿಸಿ, ಅಂಗೈಯಿಂದ ಮೆಲ್ಲಗೆ ಒತ್ತಿ, ಅಷ್ಟೇ. ಮೇಲಿಂದ ನೀರು ಸುರಿದರೆ ಬೀಜ ಎಲ್ಲ ಒಂದು ಮೂಲೆಗೆ ತೇಲಿಹೋಗುತ್ತದೆ, ಅದಕ್ಕೆ ಕುಂಡವನ್ನೇ ನೀರಿನ ತಟ್ಟೆಯಲ್ಲಿ ಇಟ್ಟು ಕೆಳಗಿನಿಂದ ಕುಡಿಸಿ.

ಬೆಳಕಿನ ಜೊತೆಗೆ ಅದಕ್ಕೆ ಚಳಿಯೂ ಬೇಕು. ಚಳಿಗಾಲ ಕಳೆಯಿತು ಅಂತ ಬೀಜಕ್ಕೆ ಗೊತ್ತಾಗಬೇಕಲ್ಲ! ನಿಮ್ಮಲ್ಲಿ ಚಳಿ ಚೆನ್ನಾಗಿದ್ದರೆ ಚಳಿಗಾಲಕ್ಕೆ ಮೊದಲೇ ಉದುರಿಸಿ ಮರೆತುಬಿಡಿ. ಇಲ್ಲದಿದ್ದರೆ ಬೀಜವನ್ನು ಒದ್ದೆ ಮರಳಿನಲ್ಲೋ ಒದ್ದೆ ಟಿಶ್ಯೂ ಕಾಗದದಲ್ಲೋ ಹಾಕಿ, ಮುಚ್ಚಳದ ಡಬ್ಬಿಯಲ್ಲಿಟ್ಟು, 3-4 ವಾರ ಫ್ರಿಡ್ಜ್‌ನಲ್ಲಿಡಿ. ಫ್ರೀಜರ್ ಅಲ್ಲ, ಕೆಳಗಿನ ಖಾನೆ. ಆಮೇಲೆ ಹೊರಗೆ ತೆಗೆದು ಉದುರಿಸಿದರೆ ಮೊಳಕೆಗೆ ಇನ್ನೊಂದು 3-4 ವಾರ ಹಿಡಿಯಬಹುದು, ಕೆಲವು ಅದಕ್ಕಿಂತ ತಡ. ಇಲ್ಲೇ ಜನ ತಾಳ್ಮೆ ಕಳೆದುಕೊಳ್ಳುವುದು. ನನ್ನ ಮೊದಲ ಕುಂಡವನ್ನು ಮೂರನೇ ವಾರಕ್ಕೇ ಬೇಜಾರಾಗಿ ಹಿತ್ತಲ ಮೂಲೆಗೆ ಸುರಿದೆ. ಮುಂದಿನ ವರ್ಷ ಅದೇ ಮೂಲೆಯಲ್ಲಿ ಹನ್ನೊಂದು ಸಸಿ ಎದ್ದಿದ್ದವು. ನಾನು ಕಾದು ನೋಡಿಕೊಂಡ ಕುಂಡದಲ್ಲಿ ಬಂದದ್ದು ಎರಡು.

ಸಸಿಯಲ್ಲಿ ಮೊದಲೆರಡು ಎಲೆ ಸಾದಾ. ಆಮೇಲೆ ಬರುವ ಎಲೆ ಮೂರು ಮೂರಾಗಿ ಸೀಳಿಕೊಂಡು ಹೆಚ್ಚುಕಡಿಮೆ ಕೊತ್ತಂಬರಿ ಎಲೆ ಥರವೇ ಕಾಣುತ್ತದೆ, ಬಣ್ಣ ಮಾತ್ರ ಸ್ವಲ್ಪ ಬೂದಿ ಮಿಶ್ರಿತ ಹಸಿರು. ಕಳೆ ಅಂತ ಕಿತ್ತುಬಿಡಬೇಡಿ. ಇನ್ನೊಂದು ಮಾತು: ಬೀಜದಿಂದ ಬೆಳೆಸಿದ ಗಿಡ ಸಾಮಾನ್ಯವಾಗಿ ಮೊದಲ ವರ್ಷ ಹೂ ಬಿಡುವುದಿಲ್ಲ. ಬರೀ ಎಲೆ. ಒಂದು ಚಳಿಗಾಲ ದಾಟಿ ಎರಡನೇ ವರ್ಷ ಹೂ.

ಸಸಿ ಚಿಕ್ಕದಿರುವಾಗಲೇ ಅದರ ಖಾಯಂ ಜಾಗಕ್ಕೆ ಹಾಕಿಬಿಡಿ. ಬೇರು ಮೂಲಂಗಿಯ ಹಾಗೆ ನೇರ ಕೆಳಗಿಳಿಯುತ್ತದೆ, ದೊಡ್ಡದಾದ ಮೇಲೆ ಕಿತ್ತರೆ ಬೇರು ತುಂಡಾಗಿ ಗಿಡ ಮುನಿಸಿಕೊಳ್ಳುತ್ತದೆ. ಇಲ್ಲಿಗಿಂತ ಅಲ್ಲಿ ಚೆಂದ ಕಾಣುತ್ತೆ ಅಂತ ಒಂದು ಒಳ್ಳೆ ಗಿಡವನ್ನು ಒಂದೇ ವರ್ಷದಲ್ಲಿ ಎರಡು ಸಲ ಎತ್ತಿಟ್ಟು ಕೊಂದಿದ್ದೇನೆ. ಬೆಳಗಿನ ಬಿಸಿಲು, ಮಧ್ಯಾಹ್ನ ನೆರಳು, ನೀರು ನಿಲ್ಲದ ಮಣ್ಣು, ಇಷ್ಟಿದ್ದರೆ ಸಾಕು. ಗೊಬ್ಬರ ವರ್ಷಕ್ಕೊಮ್ಮೆ ಒಂದು ಹಿಡಿ ಕಾಂಪೋಸ್ಟ್. ವರ್ಷವಿಡೀ ಬಿಸಿಯಾಗಿರುವ ಕಡೆ ಇದು ಸೊರಗುತ್ತದೆ, ಅಲ್ಲಿ ಒಂದು ಋತುವಿನ ಹೂ ಅಂತಲೇ ತಿಳಿದು ಕುಂಡದಲ್ಲಿ ಬೆಳೆಸಿ ಅನ್ನುತ್ತೇನೆ.

ಈಗ ಆ ಬಿಳಿ ಗೆರೆ. ಒಂದು ಎಲೆ ಕಿತ್ತು ಬೆಳಕಿಗೆ ಹಿಡಿದು ನೋಡಿ. ಗೆರೆ ಒಂದು ಕಡೆ ದಾರದಷ್ಟು ಸಣ್ಣಗೆ ಶುರುವಾಗಿ, ಸುತ್ತಿ ಸುತ್ತಿ ಹೋಗುತ್ತಾ ಅಗಲವಾಗುತ್ತದೆ. ಅಗಲವಾದ ತುದಿಯಲ್ಲಿ ಒಮ್ಮೊಮ್ಮೆ ಒಂದು ಸಣ್ಣ ಹುಳು ಮಲಗಿರುವುದೂ ಕಾಣುತ್ತದೆ. ಒಂದು ಪುಟ್ಟ ನೊಣ ಎಲೆಯಲ್ಲಿ ಮೊಟ್ಟೆ ಇಡುತ್ತದೆ, ಮರಿ ಎಲೆಯ ಎರಡು ಪದರದ ನಡುವೆ ಸುರಂಗ ಕೊರೆಯುತ್ತಾ ತಿನ್ನುತ್ತಾ ಬೆಳೆಯುತ್ತದೆ, ಅದು ದಪ್ಪವಾದ ಹಾಗೆ ದಾರಿಯೂ ದಪ್ಪ. ಒಳಗೆ ಕೂತಿರುವುದರಿಂದ ಮೇಲೆ ಸಿಂಪಡಿಸಿದ ಔಷಧ ಹೆಚ್ಚಿನದು ಅದನ್ನು ಮುಟ್ಟುವುದೇ ಇಲ್ಲ. ನೋಡಲು ಅಸಹ್ಯ ಹೌದು, ಆದರೆ ಇದರಿಂದ ಗಿಡ ಸಾಯುವುದಿಲ್ಲ. ಗೆರೆ ಬಿದ್ದ ಎಲೆ ಚಿವುಟಿ ಕಸಕ್ಕೆ ಹಾಕಿ, ಕಾಂಪೋಸ್ಟ್ ಗುಂಡಿಗೆ ಬೇಡ. ಹೂ ಎಲ್ಲ ಮುಗಿದ ಮೇಲೆ ಎಲೆ ತೀರಾ ಕೆಟ್ಟಿದ್ದರೆ ಬುಡದಿಂದ ಎರಡು ಬೆರಳು ಬಿಟ್ಟು ಪೂರ್ತಿ ಕತ್ತರಿಸಿ. ನನಗೆ ಮೊದಲ ಸಲ ಕೈ ನಡುಗಿತ್ತು. ಕೆಲವೇ ವಾರದಲ್ಲಿ ಹೊಸ ಎಲೆ ಗುಪ್ಪೆಯಾಗಿ ಬಂತು.

ಮಳೆ ನಿಂತ ತಕ್ಷಣ ಆ ಹೊಸ ಎಲೆ ನೋಡಬೇಕು. ನೀರು ಅಂಟುವುದಿಲ್ಲ. ಕೆಸುವಿನ ಎಲೆ ಮೇಲಿನ ಹಾಗೆ ಹನಿ ಉರುಟಾಗಿ, ಪಾದರಸದ ಥರ ಹೊಳೆಯುತ್ತಾ ನಿಂತಿರುತ್ತದೆ. ಹೂವಿಗಾಗಿ ಗಿಡ ತಂದವನು ನಾನು, ಈಗ ಎಲೆ ನೋಡಿಕೊಂಡು ಅರ್ಧ ಗಂಟೆ ಕಳೆಯುತ್ತೇನೆ.

ಹೂವನ್ನೂ ಕುಕ್ಕರಗಾಲಲ್ಲಿ ಕೂತು ಹತ್ತಿರದಿಂದ ನೋಡಿ. ಮೊಗ್ಗು ತಲೆ ತಗ್ಗಿಸಿಕೊಂಡಿರುತ್ತದೆ. ಅರಳಿದಾಗ ಹೊರಗೆ ಅಗಲವಾದ ಐದು ಎಸಳು, ಒಳಗೆ ಬಟ್ಟಲಿನಂಥ ಐದು ಎಸಳು. ಒಳಗಿನ ಪ್ರತಿ ಎಸಳೂ ಹಿಂದಕ್ಕೆ ಒಂದು ಉದ್ದ ಬಾಲವಾಗಿ ಚಾಚಿಕೊಂಡಿರುತ್ತದೆ. ಕರ್ಣಕುಂಡಲದ ಹೂವಿಗೆ ಹಿಂದೆ ಒಂದು ಬಾಲ ಇರುತ್ತಲ್ಲ, ಅಂಥವು ಇಲ್ಲಿ ಐದು. ಹೂವನ್ನು ತಲೆಕೆಳಗೆ ಹಿಡಿದರೆ ಐದು ಪಾರಿವಾಳ ತಲೆ ಕೂಡಿಸಿ ಕೂತ ಹಾಗೆ ಕಾಣುತ್ತದೆ, ಕೊಲಂಬೈನ್ ಅನ್ನುವ ಹೆಸರು ಬಂದದ್ದೇ ಪಾರಿವಾಳಕ್ಕೆ ಇರುವ ಲ್ಯಾಟಿನ್ ಪದದಿಂದ. ಮಕರಂದ ಇರುವುದು ಬಾಲದ ತುತ್ತತುದಿಯಲ್ಲಿ. ನಾಲಿಗೆ ಉದ್ದ ಇದ್ದವರಿಗೆ ಮಾತ್ರ ಸಿಗುತ್ತದೆ. ಉತ್ತರ ಅಮೆರಿಕದ ಕೆಂಪು-ಹಳದಿ ಜಾತಿಗೆ ಹಮ್ಮಿಂಗ್‌ಬರ್ಡ್ ಬರುತ್ತದೆ, ಬಾಲ ತೀರಾ ಉದ್ದ ಇರುವ ತಿಳಿ ಬಣ್ಣದವಕ್ಕೆ ಸಂಜೆ ಹೊತ್ತು ಹಾಕ್‌ಮಾತ್ ಪತಂಗ. ನಾಲಿಗೆ ಗಿಡ್ಡ ಇರುವ ಕೆಲವು ದುಂಬಿಗಳು ಏನು ಮಾಡುತ್ತವೆ ಗೊತ್ತಾ? ಬಾಲದ ತುದಿಯನ್ನೇ ಹೊರಗಿನಿಂದ ಕಚ್ಚಿ ತೂತು ಮಾಡಿ ಕುಡಿದು ಹೋಗುತ್ತವೆ. ನಿಮ್ಮ ಹೂವಿನ ಬಾಲದಲ್ಲಿ ಸಣ್ಣ ತೂತು ಕಂಡರೆ ಗಾಬರಿ ಬೇಡ, ಅದು ರೋಗವಲ್ಲ, ಕಳ್ಳತನ.

ಬಾಲವೇ ಇಲ್ಲದ, ಪದರ ಪದರವಾಗಿ ಪುಟ್ಟ ಡೇಲಿಯಾ ಥರ ಕಾಣುವ 'ನೋರಾ ಬಾರ್ಲೋ' ಅನ್ನುವ ತಳಿಯೂ ಇದೆ. ಡಾರ್ವಿನ್ ಅವರ ಮೊಮ್ಮಗಳ ಹೆಸರು ಅದು. ತುಂಬ ಜನಕ್ಕೆ ಇಷ್ಟ. ನನಗೆ ಬಾಲ ಇಲ್ಲದ ಕೊಲಂಬೈನ್ ಅಂದರೆ ಸೊಂಡಿಲಿಲ್ಲದ ಆನೆ.

ಒಂದು ಗಿಡದ ಆಯುಷ್ಯ ಸಾಮಾನ್ಯವಾಗಿ ಮೂರು ನಾಲ್ಕು ವರ್ಷ, ಹಾಗಾಗಿ ಹೂ ಬಾಡಿದ ಕೂಡಲೇ ಎಲ್ಲ ಕಾಂಡ ಕತ್ತರಿಸಬೇಡಿ, ಒಂದೆರಡು ಬಿಡಿ. ತಲೆ ತಗ್ಗಿಸಿದ್ದ ಹೂ ಕಾಯಿಯಾಗುವಾಗ ನೆಟ್ಟಗೆ ಮೇಲೆ ನೋಡುತ್ತದೆ. ಕಾಯಿ ಕಂದಾಗಿ ಒಣಗಿ ಬಾಯಿ ಬಿಟ್ಟಾಗ ಅಲ್ಲಾಡಿಸಿದರೆ ಗಿಲಕಿ ಥರ ಸದ್ದು. ಕಪ್ಪಗೆ ಮಿರಮಿರ ಮಿಂಚುವ ಬೀಜ, ಕರಿ ಎಳ್ಳಿಗಿಂತ ಚಿಕ್ಕದು. ಹೀಗೆ ಆಗಷ್ಟೇ ಬಲಿತ ಬೀಜ ಪ್ಯಾಕೆಟ್‌ನ ಹಳೇ ಬೀಜಕ್ಕಿಂತ ಚೆನ್ನಾಗಿ ಮೊಳೆಯುತ್ತದೆ. ಬೇರೆ ಬೇರೆ ಬಣ್ಣದ ಗಿಡಗಳು ಹತ್ತಿರ ಇದ್ದರೆ ದುಂಬಿಗಳು ಸಲೀಸಾಗಿ ಬೆರಕೆ ಮಾಡಿಬಿಡುತ್ತವೆ, ತಾಯಿ ಗಿಡದ ಬಣ್ಣವೇ ಬರುತ್ತದೆ ಅನ್ನುವ ಖಾತ್ರಿ ಇಲ್ಲ. ನನ್ನ ನೀಲಿ ಮತ್ತು ಹಳದಿಯ ನಡುವೆ ಒಂದು ಸಲ ಮಾಸಲು ನೇರಳೆ ಬಂತು, ತೊಳೆದು ತೊಳೆದು ಬಣ್ಣ ಹೋದ ಸೀರೆಯ ಹಾಗೆ. ಈಗ ಅದೇ ನನ್ನ ಅಚ್ಚುಮೆಚ್ಚಿನದು.

ಬೀಜ ಮತ್ತು ಬೇರು ವಿಷ, ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಗಮನವಿರಲಿ. ಫ್ರಿಡ್ಜ್‌ನಲ್ಲಿಡುವ ಡಬ್ಬಿ ಮೇಲೆ ದಪ್ಪ ಅಕ್ಷರದಲ್ಲಿ ಹೆಸರು, ತಾರೀಕು ಬರೆದಿಡಿ. ನಾನು ಬರೆಯದೆ ಇಟ್ಟಿದ್ದ ಡಬ್ಬಿಯನ್ನು ನಮ್ಮ ಮನೆಯವರು ಫ್ರಿಡ್ಜ್ ತೊಳೆಯುವಾಗ ಬೂಸ್ಟು ಹಿಡಿದ ಏನೋ ಅಂತ ಎಸೆದರು, ಆ ವರ್ಷದ ಬೀಜ ಅಲ್ಲಿಗೆ ಮುಗಿಯಿತು.