ಚರ್ಚಿನಲ್ಲಿ ಕೊಟ್ಟ ತೆನೆ

ಪ್ರಶ್ನೆ: ಕರಾವಳಿ ಕ್ಯಾಥೊಲಿಕರ ಹೊಸ ಬೆಳೆಯ ಹಬ್ಬವಾದ ಮೊಂತಿ ಹಬ್ಬಕ್ಕೆ ಈ ಸಲ ಊರಿಗೆ ಹೋಗಲಾಗದು. ಬೆಂಗಳೂರಿನ ಮನೆಯಲ್ಲೇ ಆಚರಿಸುವುದು ಹೇಗೆ? ಚರ್ಚಿನಲ್ಲಿ ಕೊಟ್ಟ ಭತ್ತದ ತೆನೆಯನ್ನು ಹಾಲಿಗೆ ಹಾಕಿದರೆ ಮಕ್ಕಳು ಗಂಟಲು ಕೆರೆಯುತ್ತದೆ ಎನ್ನುತ್ತಾರೆ.

ಉತ್ತರ: ಹಬ್ಬದ ದಿನವಾದ ಸೆಪ್ಟೆಂಬರ್ 8 ಯೇಸುವಿನ ತಾಯಿ ಮಾತೆ ಮರಿಯಳ ಜನ್ಮದಿನ. ಹಬ್ಬಕ್ಕೆ ಮುಂಚಿನ ಒಂಬತ್ತು ದಿನಗಳ ಪ್ರಾರ್ಥನೆಯಾದ ನೊವೇನವನ್ನು ಆಗಸ್ಟ್ 30ಕ್ಕೇ ಶುರುಮಾಡಿ. ಹಬ್ಬದ ದಿನವನ್ನೂ ಸೇರಿಸಿ ಎಣಿಸುವವರು ಒಂದು ದಿನ ತಡವಾಗುತ್ತಾರೆ. ಒಂಬತ್ತನೆಯ ದಿನ 7ಕ್ಕೆ ಮುಗಿಯಬೇಕು. ದಿನವೂ ಮಕ್ಕಳಿಂದ ಮರಿಯಳಿಗೆ ಹೂ ಇಡಿಸಿ. ಅಂಗಡಿಯ ಗುಲಾಬಿಯೇ ಬೇಕಿಲ್ಲ, ಕುಂಡದಲ್ಲಿ ಅರಳಿದ್ದು ಸಾಕು.

ಗಂಟಲು ಕೆರೆಯುವುದು ಸಿಪ್ಪೆಯಿಂದ. ಆಶೀರ್ವದಿಸಿದ ತೆನೆಯಿಂದ ಆಳಿಗೊಂದು ಕಾಳು ಬಿಡಿಸಿ, ಉಗುರಿನಿಂದ ಸಿಪ್ಪೆ ಪೂರ್ತಿ ತೆಗೆದು, ನುಣ್ಣಗೆ ಕುಟ್ಟಿ. ಕುದಿಯುವ ಹಾಲಿಗೆ ಬೆಲ್ಲ ಹಾಕಿದರೆ ಒಡೆಯಬಹುದು. ಒಲೆಯಿಂದಿಳಿಸಿ, ಸ್ವಲ್ಪ ಆರಿದ ಮೇಲೆ ಬೆಲ್ಲದ ನೀರು, ಪುಡಿ ಬೆರೆಸಿ. ತೆಂಗಿನ ಹಾಲು ಇನ್ನೂ ರುಚಿ.

ಕುಡಿಯುವ ಮೊದಲು ಬೈಬಲಿನಲ್ಲಿ ಪ್ರಥಮಫಲದ (ಮೊದಲ ಬೆಳೆಯನ್ನು ದೇವರಿಗೆ ಒಪ್ಪಿಸುವ) ಭಾಗ, ಧರ್ಮೋಪದೇಶಕಾಂಡ 26:1–11 ಓದಿ. ಹನ್ನೊಂದನೆಯ ವಚನ ಪರದೇಶಿಯನ್ನೂ ಸಂತೋಷಕ್ಕೆ ಸೇರಿಸುತ್ತದೆ. ಹಬ್ಬದೂಟ ಹೇಗೂ ಸಸ್ಯಾಹಾರಿ, ಪಕ್ಕದ ಮನೆಯವರನ್ನು ಕರೆಯಲು ಅಡ್ಡಿಯೇನು? ಕಾವಲುಗಾರನನ್ನೂ ಮರೆಯಬೇಡಿ.