ಆಫ್ರಿಕಾದ ಸಹಾರಾ ಮರುಭೂಮಿಯ ದಕ್ಷಿಣ ಅಂಚಿನ ಸಾಹೇಲ್‌ನಂಥ ಒಣ ನಾಡಿನಲ್ಲಿ ಚಳಿಗಾಲಕ್ಕೆ ಅಷ್ಟೊಂದು ನೀರುಹಕ್ಕಿಗಳು ಯಾಕೆ ಸೇರುತ್ತವೆ?

ಅಲ್ಲಿಗೆ ಬರುವ ನೀರು ಹೆಚ್ಚಾಗಿ ಬೇರೆ ಕಡೆಯ ಮಳೆಯದ್ದು, ಅದಕ್ಕೇ. ಮಾಲಿ ದೇಶದ ನೈಜರ್ ನದಿಯ ಒಳನಾಡು ಜೌಗು ಬಯಲನ್ನೇ ನೋಡಿ. ಮಳೆ ಜಾಸ್ತಿ ಬೀಳುವುದು ದೂರದ ಗಿನಿ ದೇಶದ ಬೆಟ್ಟಗಳಲ್ಲಿ. ನೆಲ ತೀರಾ ಸಮತಟ್ಟು. ಹಾಗಾಗಿ ನೆರೆ ನಿಧಾನಕ್ಕೆ ಹರಡಿ, ಅಲ್ಲಿನ ಮಳೆಗಾಲ ಮುಗಿದ ಮೇಲೆ, ಹೆಚ್ಚುಕಡಿಮೆ ನವೆಂಬರ್ ಹೊತ್ತಿಗೆ ತುಂಬಿ ನಿಲ್ಲುತ್ತದೆ. ಯುರೋಪಿನ ಚಳಿ ತಪ್ಪಿಸಿಕೊಂಡು ಬಂದ ಬಾತುಗಳಿಗೆ ಬೇಕಾದ್ದು ಇದೇ ಅಲ್ವಾ! ನಮ್ಮ ಕೆರೆಗಳಲ್ಲೂ ಕಾಣುವ ಗಾರ್ಗನಿ ಬಾತು ಅಲ್ಲಿ ದೊಡ್ಡ ಹಿಂಡುಗಳಲ್ಲಿ ಇಳಿಯುತ್ತದೆ.

ಆ ನೀರಲ್ಲಿ ಬೂರ್ಗೂ ಎಂಬ ಹುಲ್ಲು ತೇಲುತ್ತಾ ಬೆಳೆಯುತ್ತದೆ, ಅದರ ನಡುವೆ ಮೀನುಮರಿಗಳು. ಮುಳುಗಿದ ಜಾಲಿ ತೋಪುಗಳಲ್ಲಿ ಬೆಳ್ಳಕ್ಕಿ, ನೀರುಕಾಗೆಗಳು ಗೂಡು ಕಟ್ಟುತ್ತವೆ.

2004ರಲ್ಲಿ ಈ ಬಯಲು ರಾಮ್ಸಾರ್ ಎಂಬ ಜಾಗತಿಕ ಜೌಗುನೆಲಗಳ ಪಟ್ಟಿ ಸೇರಿತು. ಆದರೆ ಸುಮ್ನೆ ಪಟ್ಟಿಗೆ ಸೇರಿದರೆ ಸಾಲದು. ನದಿಯ ಮೇಲ್ಭಾಗದ ಅಣೆಕಟ್ಟುಗಳು ನೀರು ಹಿಡಿದಷ್ಟೂ ನೆರೆ ಕುಗ್ಗುತ್ತದೆ, ಬೂರ್ಗೂ ಬಯಲೂ ಕುಗ್ಗುತ್ತದೆ. ಅಲ್ಲಿನ ಮೀನುಗಾರರಿಗೂ ದನಗಾಹಿಗಳಿಗೂ ಬೇಕಾಗಿರುವುದು ಅದೇ ನೆರೆ.